ಸರ್, ಒಂದು ಮಾಪ್ ಕಮ್ಮಿ ಇದೆ

ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ, ಬಳಸಿದ ಬಟ್ಟೆ, ಸಲಕರಣೆಗಳ ಎಣಿಕೆ (ಕೌಂಟ್) ತಾಳೆಯಾಗಲಿಲ್ಲ ಅಂದರೆ ಯಾರ ಮುಖವೂ ಸರಿ ಇರುವುದಿಲ್ಲ. ಸರ್ಜನ್‌ಗೆ ಮುಗಿಸುವ ಆತುರ. ಅನಸ್ತೇಶಿಯಾದವರಿಗೆ ಪೇಷೆಂಟ್ ಏಳಿಸುವ ಯೋಚನೆ. ಹೊರಗೆ ಮುಂದಿನ ಕೇಸ್ ಆಗಲೇ ಟ್ರಾಲಿ ಮೇಲೆ ಬಂದು ಕಾಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ "ಒಂದು ಕಮ್ಮಿ ಇದೆ" ಅನ್ನುವವರು ಯಾರಿಗೂ ಬೇಡ. ದೀನತೆ, ಕೃತಜ್ಞತೆ ಅಂತ ನಾವು ಚರ್ಚ್ ಸಭೆಯಲ್ಲಿ ಕೂತು ಎಷ್ಟು ಪ್ರಸಂಗ ಕೇಳಿರುತ್ತೇವೆ, ಅಲ್ವಾ? ನನಗೆ ಈ ಎರಡೂ ಮನಸ್ಸಿಗೆ ಇಳಿದದ್ದು ಒಂದು ರಾತ್ರಿ ಲ್ಯಾಪ್ರೊಟಮಿಯಲ್ಲಿ (ಹೊಟ್ಟೆ ತೆರೆದು ಮಾಡುವ ಆಪರೇಷನ್), ಅಂಥದ್ದೇ ಒಂದು ಮಾತಿನಿಂದ.

ಎಮರ್ಜೆನ್ಸಿ ಕೇಸ್. ಹೊಟ್ಟೆ ತೆರೆದ ಕೂಡಲೇ ರಕ್ತ ಉಕ್ಕಿತು. ಸರ್ಜನ್ ಒಂದಾದ ಮೇಲೊಂದು ಮಾಪ್, ಅಂದರೆ ರಕ್ತ ಹೀರುವ ಬಟ್ಟೆ, ಕೇಳಿ ಎಲ್ಲ ಕಡೆ ತುರುಕಿ ಪ್ಯಾಕ್ ಮಾಡಿದರು. ನಾನು ಫ್ಲೋರ್‌ನಲ್ಲಿದ್ದೆ, ಅಂದರೆ ಟೇಬಲ್‌ನಿಂದ ಆಚೆ ನಿಂತು ಬೇಕಾದ್ದು ತಂದುಕೊಡುವ ನರ್ಸ್. ಸ್ಕ್ರಬ್ ಆಗಿದ್ದವಳು, ಅಂದರೆ ಗ್ಲೌಸ್ ಹಾಕಿ ಸರ್ಜನ್ ಪಕ್ಕದಲ್ಲಿ ಸಲಕರಣೆ ಕೊಡುವವಳು, ಆಗಷ್ಟೇ ಓಟಿಗೆ ಬಂದ ಹುಡುಗಿ. ಮೆಲುದನಿಯವಳು. ಏನು ಕೊಟ್ಟರೂ ಒಮ್ಮೆ ಹೆಸರು ಹೇಳಿಯೇ ತೆಗೆದುಕೊಳ್ಳುತ್ತಾಳೆ, ಎಣಿಸುವಾಗ ಒಂದೊಂದನ್ನೂ ಬಿಡಿಸಿ ಎಣಿಸುತ್ತಾಳೆ. ನೋಡುವವರಿಗೆ ಇವಳಿಗೆ ಧೈರ್ಯ ಸಾಲದು ಅಂತಲೇ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಇನ್-ಚಾರ್ಜ್ ಸಿಸ್ಟರ್ ಕೇಳಿದಾಗ "ಒಳ್ಳೆ ಹುಡುಗಿ, ಆದರೆ ದೊಡ್ಡ ಕೇಸ್‌ಗೆ ಇನ್ನೂ ಟೈಮ್ ಬೇಕು" ಅಂದಿದ್ದೆ. ಸರ್ಜನ್ ಬಗ್ಗೆಯೂ ನನ್ನದೊಂದು ತೀರ್ಮಾನ ಇತ್ತು. ಕೈ ಒಳ್ಳೆಯದು, ಆದರೆ ಯಾರ ಮಾತೂ ಕೇಳದ ಮನುಷ್ಯ ಅಂತ.

ರಕ್ತ ನಿಂತಿತು. ಬಿಪಿ ಮೇಲೆ ಬಂತು. ಪ್ಯಾಕ್ ತೆಗೆದರು, ವಾಶ್ ಕೊಟ್ಟರು, ಡ್ರೈನ್ ಹಾಕಿದರು. ಕ್ಲೋಶರ್‌ಗೆ ಮುಂಚಿನ ಕೌಂಟ್ ಶುರು ಮಾಡಿದೆವು. ಬೋರ್ಡ್ ಮೇಲೆ ಇಪ್ಪತ್ತು ಮಾಪ್ ಅಂತ ಬರೆದಿತ್ತು, ಐದೈದರ ನಾಲ್ಕು ಬಂಡಲ್. ಸ್ಟ್ಯಾಂಡ್ ಮೇಲೆ ಹದಿನೈದು. ಅವಳ ಟ್ರಾಲಿ ಮೇಲೆ ನಾಲ್ಕು. ಮತ್ತೆ ಎಣಿಸಿದೆವು. ಹತ್ತೊಂಬತ್ತೇ.

"ಸರ್, ಒಂದು ಮಾಪ್ ಕಮ್ಮಿ ಇದೆ."

"ಒಳಗೆ ಇಲ್ಲ, ನಾನು ನೋಡಿದ್ದೇನೆ. ಲೂಪ್ ಕೊಡಿ." ಲೂಪ್ ಅಂದರೆ ಹೊಟ್ಟೆ ಹೊಲಿಯುವ ದಾರ.

ನಾನು ಆಗಲೇ ನೆಲದ ಮೇಲೆ ಬಗ್ಗಿದ್ದೆ. ಕಿಕ್ ಬಕೆಟ್ ಬೋರಲು ಹಾಕಿದೆ. ಲಿನನ್ ಚೀಲ ಬಿಚ್ಚಿ ಒಂದೊಂದೇ ಡ್ರೇಪ್ ಕೊಡವಿದೆ. ಟೇಬಲ್ ಕೆಳಗೆ, ಸಕ್ಷನ್ ಹಿಂದೆ, ಸರ್ಜನ್ ಕಾಲ ಬುಡದಲ್ಲಿ, ಎಲ್ಲೂ ಇಲ್ಲ. ಒಳಗೆ ಇರಬಹುದು ಅನ್ನುವ ಯೋಚನೆ ನನಗೆ ಮೊದಲು ಬರಲೇ ಇಲ್ಲ, ಇವಳೇ ಶುರುವಿನಲ್ಲಿ ತಪ್ಪು ಎಣಿಸಿದ್ದಾಳೆ ಅನ್ನುವುದು ಬಂತು. ಹತ್ತಿರ ಹೋಗಿ ಮೆಲ್ಲಗೆ, "ಬಂಡಲ್‌ನಲ್ಲೇ ನಾಲ್ಕಿತ್ತೇನೋ, ಹಾಗೂ ಬರುತ್ತೆ ಒಂದೊಂದು ಸಲ" ಅಂದೆ.

"ಇಲ್ಲ ಸಿಸ್ಟರ್. ಬಿಡಿಸಿ ಎಣಿಸಿದ್ದೇನೆ. ನೀವೂ ನೋಡಿದ್ರಿ."

ಹೌದು, ನೋಡಿದ್ದೆ. ಬೋರ್ಡ್ ಮೇಲೆ ಇದ್ದದ್ದು ನನ್ನದೇ ಅಕ್ಷರ.

"ಸಿಸ್ಟರ್, ಲೂಪ್" ಅಂದರು ಸರ್ಜನ್. ಕೈ ಚಾಚಿಯೇ ಇತ್ತು. ಅನಸ್ತೇಶಿಯಾ ಮೇಡಂ ತಲೆ ಎತ್ತಿ, ಬಿಪಿ ಈಗಷ್ಟೇ ಸ್ಟೆಡಿ ಆಗಿದೆ, ಜಾಸ್ತಿ ಹೊತ್ತು ಎಳೆಯಬೇಡಿ ಅಂದರು. ಅದೂ ನ್ಯಾಯವಾದ ಮಾತೇ. ಆ ಹುಡುಗಿ ಲೂಪ್ ಕೊಡಲಿಲ್ಲ. ನೀಡಲ್ ಹೋಲ್ಡರ್ ಲೋಡ್ ಆಗಿಯೇ ಅವಳ ಟ್ರಾಲಿ ಮೇಲಿತ್ತು, ಅದರ ಮೇಲೆ ತನ್ನ ಗ್ಲೌಸ್ ಕೈ ಇಟ್ಟುಕೊಂಡು ನಿಂತಿದ್ದಳು. ಕೈ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ದನಿ ಮಾತ್ರ ಮೊದಲಿನಷ್ಟೇ ಮೆತ್ತಗೆ. "ಸರ್, ಕೌಂಟ್ ಬಂದಿಲ್ಲ ಸರ್. ದಯವಿಟ್ಟು ಇನ್ನೊಂದು ಸಲ ನೋಡಿ."

ಸಿ-ಆರ್ಮ್‌ಗೆ, ಅಂದರೆ ಓಟಿಗೆ ತರುವ ಎಕ್ಸ್‌ರೇ ಮಷಿನ್‌ಗೆ, ಫೋನ್ ಮಾಡಿದೆ. ಬರಲು ಹೊತ್ತಾಗುತ್ತದೆ ಅಂದರು. ಮಾಪ್‌ನಲ್ಲಿ ಎಕ್ಸ್‌ರೇಗೆ ಕಾಣುವ ಎಳೆ ಇರುತ್ತದೆ, ಪ್ಲೇಟ್ ತೆಗೆದರೆ ಗೊತ್ತಾಗುತ್ತದೆ, ಆದರೆ ಅಲ್ಲಿವರೆಗೆ ತೆರೆದ ಹೊಟ್ಟೆ, ಮಾನಿಟರ್ ಸದ್ದು, ನಾವೆಲ್ಲ ನಿಂತ ಹಾಗೇ. ಯಾರೂ ಯಾರನ್ನೂ ನೋಡಲಿಲ್ಲ. ಗಡಿಯಾರದಲ್ಲಿ ಎಷ್ಟು ಹೊತ್ತು ಕಳೆಯಿತೋ, ನನಗಂತೂ ಅದು ತುಂಬ ಉದ್ದವಾಗಿತ್ತು. ಈಗ ಬೈಗುಳ ಬರುತ್ತದೆ, ಈ ಮಗು ಅಳುತ್ತಾಳೆ, ಆಮೇಲೆ ಯಾವತ್ತೂ ಬಾಯಿ ಬಿಡುವುದಿಲ್ಲ ಅಂದುಕೊಂಡೆ.

ಬೈಗುಳ ಬರಲಿಲ್ಲ. ಸರ್ಜನ್ ಒಮ್ಮೆ ಬೋರ್ಡ್ ನೋಡಿದರು, ಒಮ್ಮೆ ಅವಳ ಕೈ ನೋಡಿದರು. "ರಿಟ್ರ್ಯಾಕ್ಟರ್ ಕೊಡಿ. ಲೈಟ್ ಈ ಕಡೆ." ಮೊದಲಿಂದ ಒಂದೊಂದು ಮೂಲೆಯನ್ನೂ ಮುಟ್ಟಿ ನೋಡುತ್ತಾ ಬಂದರು. ಎಡಗಡೆ ಮೇಲೆ, ಸ್ಪ್ಲೀನ್ (ಗುಲ್ಮ) ಹಿಂದೆ, ಮಣಿಕಟ್ಟಿನವರೆಗೆ ಕೈ ಹೋಯಿತು, ಅಲ್ಲೇ ನಿಂತಿತು. ಹೊರಗೆ ಬಂದ ಮಾಪ್‌ಗೆ ಬಟ್ಟೆಯ ಗುರುತೇ ಉಳಿದಿರಲಿಲ್ಲ. ರಕ್ತ ಹೀರಿ, ಮುದುಡಿ, ಅಕ್ಕಪಕ್ಕದ ಟಿಶ್ಯೂ ಯಾವುದು ಮಾಪ್ ಯಾವುದು ಅಂತ ಕಣ್ಣಿಗೆ ತಿಳಿಯದ ಹಾಗಾಗಿತ್ತು. ಬೋಲ್‌ಗೆ ಹಾಕಿದರು. ಅವಳು ಬಿಡಿಸಿ ತೋರಿಸಿ, "ಇಪ್ಪತ್ತು. ಕೌಂಟ್ ಕರೆಕ್ಟ್ ಸರ್" ಅಂದಳು. ಆಮೇಲೆ ಲೂಪ್ ಕೊಟ್ಟಳು.

ಪೇಷೆಂಟ್ ಐಸಿಯುಗೆ ಹೋದರು. ನಾವೂ ಮುಂದಿನ ಕೇಸ್‌ಗೆ ಓಡಿದೆವು. ಅಸಿಸ್ಟ್ ಮಾಡಿದವರು ನೋಟ್ಸ್ ಬರೆಯಲು, ಮೇಡಂ ಮುಂದಿನ ಪೇಷೆಂಟ್ ನೋಡಲು, ನಾನು ಟ್ರೇ ತರಲು. ಅವಳಿಗೆ ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ಟ್ರೇ ಹಿಡಿದು ಬರುವಾಗ ಸರ್ಜನ್ ವಾಪಸ್ ಬಂದಿದ್ದರು, ವಾಶ್ ರೂಮ್ ಬಾಗಿಲಲ್ಲಿ ಕ್ಯಾಪ್ ಕೈಲಿ ಹಿಡಿದು ನಿಂತಿದ್ದರು. ಒಳಗೆ ಅವಳು ಇನ್‌ಸ್ಟ್ರುಮೆಂಟ್ ತೊಳೆಯುತ್ತಿದ್ದಳು. "ಥ್ಯಾಂಕ್ಸ್ ಸಿಸ್ಟರ್" ಅಂದರು. "ನಾನು ಲೂಪ್ ಕೇಳುತ್ತಲೇ ಇದ್ದೆ, ನೀವು ಕೊಡಲಿಲ್ಲ. ಮುಂದೆಯೂ ಕೊಡಬೇಡಿ." ಆಮೇಲೆ ಅವಳ ಹೆಸರು ಕೇಳಿದರು.

ಹೆಸರು ಆಗ ಕೇಳಿದರು ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ. ಡಬ್ಲ್ಯುಎಚ್‌ಒ 2008ರಲ್ಲಿ ತಂದ ಸರ್ಜಿಕಲ್ ಚೆಕ್‌ಲಿಸ್ಟ್ ನಮ್ಮ ಗೋಡೆ ಮೇಲೇ ಇದೆ. ಟೈಮ್ ಔಟ್‌ನಲ್ಲಿ, ಅಂದರೆ ಕೊಯ್ಯುವ ಮುಂಚೆ ಎಲ್ಲರೂ ಒಮ್ಮೆ ನಿಲ್ಲುವ ಹೊತ್ತಿನಲ್ಲಿ, ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಒಟ್ಟು 19 ಅಂಶ, ಓದಲು ಎರಡು ನಿಮಿಷವೂ ಬೇಡ. ನಾವು ಮಾಡುವುದು ಏನು? ಎಮರ್ಜೆನ್ಸಿ ಅಂತ ಸುಮ್ನೆ ಟಿಕ್ ಹಾಕಿ ಸೈನ್ ಮಾಡುತ್ತೇವೆ. ಹೆಸರು ಹೇಳಿದವರಿಗೆ ಆಮೇಲೆ "ತಡೀರಿ ಸರ್" ಅನ್ನುವುದು ಸ್ವಲ್ಪ ಸುಲಭವಾಗುತ್ತದೆ, ಅದಕ್ಕೇ ಆ ಸಾಲನ್ನು ಅಲ್ಲಿ ಇಟ್ಟಿದ್ದಾರೆ.

ಆ ವಾರವೆಲ್ಲ ನನ್ನ ತಲೆಯಲ್ಲಿ ಇದ್ದದ್ದು ನಾಮಾನನ ಕಥೆ. ಬೈಬಲ್‌ನ 2 ಅರಸುಗಳು, ಐದನೇ ಅಧ್ಯಾಯ. ಅರಾಮ್ ದೇಶದ ಸೇನಾಪತಿ, ಕುಷ್ಠ ಹಿಡಿದಿರುತ್ತದೆ. ಸಮಾರ್ಯದಲ್ಲಿ ಒಬ್ಬ ಪ್ರವಾದಿ ಇದ್ದಾನೆ ಅಂತ ಮೊದಲು ಹೇಳುವವಳು ಅವನ ಹೆಂಡತಿಯ ಸೇವೆಯಲ್ಲಿದ್ದ ಒಬ್ಬ ಹುಡುಗಿ, ಇಸ್ರಾಯೇಲಿನಿಂದ ಸೆರೆಹಿಡಿದು ತಂದವಳು. ಬೆಳ್ಳಿ, ಬಂಗಾರ ಹೇರಿಕೊಂಡು ಹೋದರೆ ಆ ಪ್ರವಾದಿ ಎಲೀಷ ಹೊರಗೂ ಬರುವುದಿಲ್ಲ, ಆಳಿನ ಕೈಲಿ ಯೊರ್ದನ್ ಹೊಳೆಯಲ್ಲಿ ಏಳು ಸಲ ಸ್ನಾನ ಮಾಡು ಅಂತ ಹೇಳಿಕಳಿಸುತ್ತಾನೆ. ನಾಮಾನನಿಗೆ ಸಿಟ್ಟು ಬರುತ್ತದೆ. ನಮ್ಮ ದಮಸ್ಕದ ಹೊಳೆಗಳು ಇದಕ್ಕಿಂತ ಚೆನ್ನಾಗಿಲ್ಲವಾ ಅಂತ ಹೊರಟೇಬಿಡುತ್ತಾನೆ. ಆಗ ಅವನ ಆಳುಗಳು ಹತ್ತಿರ ಬಂದು, ಅಪ್ಪಾ, ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವಾ, ಇಷ್ಟು ಚಿಕ್ಕದಕ್ಕೆ ಯಾಕೆ ಬೇಡ ಅನ್ನುತ್ತಾರೆ. ಅವನು ಕೇಳುತ್ತಾನೆ. ಹೊಳೆಗೆ ಇಳಿಯುತ್ತಾನೆ.

ಚಿಕ್ಕಂದಿನಿಂದ ಕೇಳಿದ ಕಥೆ. ನಾನು ಯಾವಾಗಲೂ ಹೊಳೆಯಲ್ಲಿ ಮುಳುಗುವುದನ್ನೇ ದೊಡ್ಡದು ಅಂದುಕೊಂಡಿದ್ದೆ. ಈಗ ನನ್ನ ಕಣ್ಣು ನಿಲ್ಲುವುದು ಸಿಟ್ಟಿನಲ್ಲಿ ತಿರುಗಿ ಹೋದವನು ಆಳಿನ ಮಾತಿಗೆ ಮತ್ತೆ ತಿರುಗಿದ ಜಾಗದಲ್ಲಿ. ಸಿಟ್ಟು ಬರುವುದು ಬೇರೆ, ಸಿಟ್ಟಿನಲ್ಲೂ ಕಿವಿ ತೆರೆದಿರುವುದು ಬೇರೆ. ಸರ್ಜನ್‌ಗೆ ಸಿಟ್ಟು ಬಂದಿತ್ತು, ನಿಜ. ಆದರೆ ತಮಗಿಂತ ಎಷ್ಟೋ ಚಿಕ್ಕವಳ ಮಾತಿಗೆ ಅವರು ಮತ್ತೆ ಕೈ ಹಾಕಿ ಹುಡುಕಿದರು. ದೀನತೆಯನ್ನು ನಾನು ದನಿಯಲ್ಲಿ, ತಗ್ಗಿದ ತಲೆಯಲ್ಲಿ ಹುಡುಕುತ್ತಿದ್ದೆ, ಅದಕ್ಕೇ ಅವರಲ್ಲಿ ಅದು ನನಗೆ ಕಾಣಲಿಲ್ಲ.

ನಮ್ಮ ಓಟಿಯ ಹುಡುಗಿಯ ವಿಷಯದಲ್ಲಿ ಇದೇ ತಿರುವುಮುರುವು. ಮೆತ್ತಗಿನವಳು, ಒತ್ತಡಕ್ಕೆ ಬಗ್ಗುತ್ತಾಳೆ ಅಂದುಕೊಂಡಿದ್ದೆ. ಸತ್ಯವೇದದಲ್ಲಿ ಭೂಮಿಯ ಮೇಲಿದ್ದ ಎಲ್ಲರಿಗಿಂತ ಸಾತ್ವಿಕ ಅಂತ ಹೇಳಿರುವುದು ಯಾರನ್ನು? ಮೋಶೆಯನ್ನು, ಅರಣ್ಯಕಾಂಡ 12ರಲ್ಲಿ. ಈಜಿಪ್ಟಿನ ಅರಸ ಫರೋಹನ ಎದುರು ಮತ್ತೆ ಮತ್ತೆ ಹೋಗಿ ನಿಂತವನು ಅವನೇ. ಆ ರಾತ್ರಿ ಅವಳಿಗೆ ತಾನು ಸರಿ ಅಂತ ತೋರಿಸಬೇಕಿರಲಿಲ್ಲ, ಟೇಬಲ್ ಮೇಲಿದ್ದವರಿಗೆ ತೊಂದರೆ ಆಗಬಾರದಿತ್ತು. ತನ್ನ ಮರ್ಯಾದೆಯ ಚಿಂತೆ ಇಲ್ಲದವರಿಗೆ ಬೈಗುಳದ ಭಯವೂ ಅಷ್ಟಾಗಿ ಹಿಡಿಯುವುದಿಲ್ಲವೇನೋ.

ಚಿಕ್ಕವರ ಮಾತು ಕೇಳುವುದು ಯಾರೋ ಈಚೆಗೆ ಟ್ರೇನಿಂಗ್‌ನಲ್ಲಿ ಕಂಡುಹಿಡಿದದ್ದೂ ಅಲ್ಲ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮದ ಮೂರನೇ ಅಧ್ಯಾಯದಲ್ಲೇ ಇದು ಇದೆ. ಮುಖ್ಯವಾದ ವಿಷಯ ಬಂದರೆ ಮಠದವರನ್ನೆಲ್ಲ ಕರೆದು ಕೇಳಬೇಕು, ಯಾಕೆಂದರೆ ಒಳ್ಳೆಯ ದಾರಿಯನ್ನು ದೇವರು ಎಷ್ಟೋ ಸಲ ಕಿರಿಯವನಿಗೇ ತೋರಿಸುತ್ತಾನೆ ಅಂತ. ತೀರ್ಮಾನ ಕೊನೆಗೆ ಮಠಾಧಿಪತಿಯದ್ದೇ. ಆದರೆ ಮೊದಲು ಕೇಳಬೇಕು. ನಮ್ಮ ಮಂಗಳವಾರದ ಮೀಟಿಂಗ್‌ಗೆ ಜೂನಿಯರ್‌ಗಳನ್ನು ಕರೆಯುವುದೇ ಇಲ್ಲ.

ಇನ್ನು ಕೃತಜ್ಞತೆ. ಲೂಕ 17ರಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡುತ್ತಾನೆ, ಒಬ್ಬನೇ ತಿರುಗಿ ಬರುತ್ತಾನೆ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳುತ್ತಾನೆ. ಆ ಒಂಬತ್ತು ಮಂದಿ ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಯಾಜಕರಿಗೆ ಹೋಗಿ ತೋರಿಸಿಕೊಳ್ಳಿ ಅಂತ ಅವನೇ ಹೇಳಿದ್ದ, ಅವರು ಹೋದರು. ಹೇಳಿದ ಕೆಲಸ ಮಾಡಿದರು. ಓಟಿಯಲ್ಲಿ ನಾವೆಲ್ಲ ಹಾಗೇ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಮುಂದಿನ ಕೇಸ್ ಇತ್ತು ಅಷ್ಟೇ. ನಾಮಾನನೂ ವಾಸಿಯಾದ ಮೇಲೆ ಪರಿವಾರ ಸಮೇತ ಎಲೀಷನ ಹತ್ತಿರ ತಿರುಗಿ ಬಂದವನು, ಯೇಸು ಅವನ ಹೆಸರನ್ನು ಲೂಕ 4ರಲ್ಲಿ ಎತ್ತುತ್ತಾನೆ ಕೂಡ. ಈ ಇಬ್ಬರೂ ಪರದೇಶದವರು, ಇಬ್ಬರೂ ತಿರುಗಿ ಬಂದವರು. ಆದರೆ ಒಂದು ವಿಷಯ ಮೊದಲು ನನ್ನ ಗಮನಕ್ಕೆ ಬಂದಿರಲಿಲ್ಲ. ಎಲ್ಲಕ್ಕೂ ಮೊದಲು ಬಾಯಿ ಬಿಟ್ಟ ಆ ಚಿಕ್ಕ ಹುಡುಗಿಯ ಹೆಸರು ಸತ್ಯವೇದದಲ್ಲಿ ಇಲ್ಲ. ಅವಳ ಹತ್ತಿರ ಯಾರಾದರೂ ಹೋಗಿ, ನಿನ್ನಿಂದ ಒಳ್ಳೆಯದಾಯಿತು ಮಗಳೇ ಅಂದರಾ ಅನ್ನುವುದೂ ಬರೆದಿಲ್ಲ. ಅದನ್ನು ಓದಿದಾಗ ವಾಶ್ ರೂಮ್ ಬಾಗಿಲಲ್ಲಿ ಹೆಸರು ಕೇಳಿದ ಸರ್ಜನ್ ಬಗ್ಗೆ ನನ್ನ ಗೌರವ ಇನ್ನಷ್ಟು ಹೆಚ್ಚಾಯಿತು.

ನನ್ನ ಪ್ರಾರ್ಥನೆ ಆಮೇಲೆ ಸ್ವಲ್ಪ ಬದಲಾಗಿದೆ. ಡ್ಯೂಟಿಗೆ ಮುಂಚೆ, ಕರ್ತನೇ, ಇವತ್ತು ಏನೂ ತಪ್ಪಾಗದ ಹಾಗೆ ನೋಡಿಕೋ ಅಂತ ಬೇಡುತ್ತಿದ್ದೆ. ಈಗಲೂ ಬೇಡುತ್ತೇನೆ. ಅದರ ಜೊತೆಗೆ, ತಪ್ಪು ಹೇಳುವವರನ್ನು ನನ್ನ ಹತ್ತಿರ ಇಡು, ಅವರು ಹೇಳಿದಾಗ ನನ್ನ ಮುಖ ಬಿಗಿಯಾಗದಿರಲಿ ಅಂತಲೂ ಕೇಳುತ್ತೇನೆ. ಮುಖ ಬಿಗಿಯಾಗುವುದೇ ಜೂನಿಯರ್‌ಗಳಿಗೆ ಮೊದಲು ಕಾಣುವುದು, ಮಾಸ್ಕ್ ಇದ್ದರೂ ಕಾಣುತ್ತದೆ. ಯಾರಾದರೂ ನನ್ನ ಕೌಂಟ್ ಪ್ರಶ್ನಿಸಿದರೆ "ಸರಿ, ಮತ್ತೆ ಎಣಿಸೋಣ" ಅನ್ನುತ್ತೇನೆ, ನನಗೆ ಖಾತ್ರಿ ಇದ್ದರೂ. ಕೇಸ್ ಮುಗಿದ ಮೇಲೆ ಹೋಗಿ ಹೆಸರು ಹಿಡಿದು ಥ್ಯಾಂಕ್ಸ್ ಹೇಳುತ್ತೇನೆ. ಆ ಹುಡುಗಿಗೂ ಹೇಳಿದೆ, ತಡವಾಗಿಯಾದರೂ. ಇನ್-ಚಾರ್ಜ್ ಹತ್ತಿರ ಹೋಗಿ ಅವಳ ಬಗ್ಗೆ ಮೊದಲು ಹೇಳಿದ್ದ ಮಾತನ್ನೂ ವಾಪಸ್ ತೆಗೆದುಕೊಂಡೆ. ಈಗ ಅವಳು ದೊಡ್ಡ ಕೇಸ್‌ಗಳಿಗೇ ಸ್ಕ್ರಬ್ ಆಗುತ್ತಾಳೆ.

ಮ್ಯಾನೇಜ್‌ಮೆಂಟ್ ಕಡೆ ಮಾತ್ರ ನನ್ನ ದೂರು ಹಾಗೇ ಇದೆ. ಮಾರನೇ ದಿನ ನಮಗೆ ಬಂದ ಮೊದಲ ಪ್ರಶ್ನೆ, ಕೇಸ್ ಯಾಕೆ ಲೇಟ್ ಆಯಿತು. ಒಂದು ಕೇಸ್ ಮುಗಿದು ಇನ್ನೊಂದು ಶುರುವಾಗಲು ಹಿಡಿದ ಹೊತ್ತು ತೋರಿಸುವ ಟರ್ನ್‌ಓವರ್ ಚಾರ್ಟ್‌ನಲ್ಲಿ ನಮ್ಮ ಓಟಿ ಕೆಂಪು ಬಣ್ಣದಲ್ಲಿತ್ತು. ಇನ್ಸಿಡೆಂಟ್ ಫಾರ್ಮ್‌ನಲ್ಲಿ ಸಂಬಂಧಪಟ್ಟ ಸಿಬ್ಬಂದಿ, ಕಾರಣ, ಸರಿಪಡಿಸುವ ಕ್ರಮ, ಕೊನೆಯ ದಿನಾಂಕ, ಎಲ್ಲಕ್ಕೂ ಕಾಲಂ ಇದೆ. ತಪ್ಪು ಹಿಡಿದವರು ಯಾರು ಅಂತ ಬರೆಯಲು ಜಾಗ ಇಲ್ಲ. ಕೇಳಿದ್ದೇನೆ, ಸಾಫ್ಟ್‌ವೇರ್‌ನಲ್ಲಿ ಬದಲಾಯಿಸಬೇಕು, ನೋಡೋಣ ಅಂದಿದ್ದಾರೆ. ಅಲ್ಲಿವರೆಗೆ ರಿಮಾರ್ಕ್ಸ್‌ನಲ್ಲಿ ನಾನೇ ಬರೆಯುತ್ತಿದ್ದೇನೆ, ಹಿಡಿದವರ ಪೂರ್ತಿ ಹೆಸರು, ಏನು ಹೇಳಿದರು ಅನ್ನುವುದು. ನಿಮ್ಮಲ್ಲೂ ಕಾಲಂ ಇಲ್ಲದಿದ್ದರೆ ಹಾಗೇ ಬರೆಯಿರಿ.