ಒಳಗೆ ಮಾತಿಲ್ಲ, ಹೊರಗೇ ಹೇಳಬೇಕು

ನಾನು ಟೂರ್ ಮ್ಯಾನೇಜರ್. ಯುರೋಪಿನ ಹಳೆಯ ನಗರಗಳಿಗೆ ಕನ್ನಡದ ತಂಡಗಳನ್ನು ಕರೆದುಕೊಂಡು ಹೋಗುತ್ತೇನೆ. ಪಾಸ್‌ಪೋರ್ಟ್, ಬಸ್ಸು, ರೂಮು, ತಲೆ ಎಣಿಕೆ, ಇವೆಲ್ಲ ಮೊದಲ ವರ್ಷದಲ್ಲೇ ಕೈಹಿಡಿದವು. ಯಾವ ಮಾತನ್ನು ಎಲ್ಲಿ ನಿಂತು ಆಡಬೇಕು ಎಂಬುದು ಮಾತ್ರ ರೋಮ್‌ನಲ್ಲಿ ಒಬ್ಬ ಹಿರಿಯರ ಎದುರು ಉತ್ತರವಿಲ್ಲದೆ ನಿಂತ ಮೇಲೆ ತಿಳಿಯಿತು.

ಇಟಲಿಯಲ್ಲಿ ವಿವರಣೆ ಕೊಡುವವರು ಪರವಾನಗಿ ಇರುವ ಗೈಡೇ ಆಗಿರಬೇಕು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದು ನಮ್ಮವರ ಕಿವಿಗೆ ಮುಟ್ಟಿಸುತ್ತಿದ್ದೆ. ಅಂದು ವ್ಯಾಟಿಕನ್ ಮ್ಯೂಸಿಯಂ. ಪೈನ್ ಕಾಯಿಯ ದೊಡ್ಡ ಕಂಚಿನ ಶಿಲ್ಪವಿರುವ ಅಂಗಳದಲ್ಲಿ, ಪೋಪರ ಪ್ರಾರ್ಥನಾಲಯವಾದ ಸಿಸ್ಟೀನ್ ಚಾಪೆಲ್‌ನ ಚಿತ್ರಗಳ ಫಲಕಗಳನ್ನು ನಿಲ್ಲಿಸಿದ್ದಾರೆ. ಗೈಡ್ ಅಲ್ಲಿ ನಿಂತು ಇಪ್ಪತ್ತು ನಿಮಿಷ ವಿವರಿಸಿದರು. ಬಿಸಿಲು ಜೋರಾಗಿತ್ತು, ಜನ ನೆರಳು ಹುಡುಕುತ್ತಿದ್ದರು. ನಿಜವಾದ ಚಿತ್ರ ಕಣ್ಣೆದುರೇ ಇರುವಾಗ ಹೇಳಿದರಾಯಿತು ಎಂದುಕೊಂಡು ನಾನು ಎರಡು ಮಾತಿನಲ್ಲಿ ಮುಗಿಸಿಬಿಟ್ಟೆ.

ಅಂಗಳದಿಂದ ಚಾಪೆಲ್‌ಗೆ ದೂರದ ನಡಿಗೆ. ನಡುವೆ ಭೂಪಟಗಳ ಗ್ಯಾಲರಿ ಸಿಗುತ್ತದೆ. ಸುಮಾರು 120 ಮೀಟರ್ ಉದ್ದ, ಮೇಲೆಲ್ಲ ಚಿನ್ನದ ಕುಸುರಿ. ಎಷ್ಟೋ ಜನ ಇದೇ ಸಿಸ್ಟೀನ್ ಎಂದುಕೊಂಡು ಇಲ್ಲೇ ಕತ್ತು ನೋಯುವಷ್ಟು ನೋಡಿಬಿಡುತ್ತಾರೆ. ಕೊನೆಗೆ ಚಾಪೆಲ್ ಒಳಗೆ ಕಾಲಿಟ್ಟೆವು. ನಾನು ಮೈಕಿಗೆ ಬಾಯಿ ಹಚ್ಚುವಷ್ಟರಲ್ಲೇ ಕಾವಲಿನವರು ತುಟಿಯ ಮೇಲೆ ಬೆರಳಿಟ್ಟರು. ಅಲ್ಲಿ ಗೈಡ್‌ಗಳು ವಿವರಣೆ ಕೊಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅಂಗಳದಲ್ಲಿ ಆ ಫಲಕಗಳು ಇರುವುದೇ ಅದಕ್ಕೆ. ನನಗೆ ಅದು ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ.

ಸುಮಾರು 20 ಮೀಟರ್ ಎತ್ತರದ ಚಾವಣಿ, ಅದರ ತುಂಬ 300ಕ್ಕೂ ಹೆಚ್ಚು ಆಕೃತಿಗಳು. ಕೆಳಗೆ ಭುಜಕ್ಕೆ ಭುಜ ತಾಗುವ ಜನ. ನಮ್ಮವರು ಒಮ್ಮೆ ಮೇಲೆ, ಒಮ್ಮೆ ನನ್ನ ಮುಖ ನೋಡಿದರು. ಕಾಲು ಗಂಟೆಯಲ್ಲಿ ಆಚೆ ಬಂದೆವು. ಬಾಗಿಲು ದಾಟಿದ ಮೇಲೆ ನಿವೃತ್ತ ಶಿಕ್ಷಕಿಯೊಬ್ಬರು ಹತ್ತಿರ ಬಂದು, 'ಅಲ್ಲಪ್ಪ, ಆ ಎರಡು ಬೆರಳು ಇರೋ ಚಿತ್ರ ಎಲ್ಲಿತ್ತು? ಅದನ್ನ ನೋಡ್ಬೇಕು ಅಂತಲೇ ನಾನು ಬಂದಿದ್ದು' ಎಂದರು. ಅದು ಅವರ ತಲೆಯ ಮೇಲೆಯೇ ಇತ್ತು. ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬಿಡುವುದಿಲ್ಲ. 'ಇರಲಿ ಬಿಡಪ್ಪ' ಎಂದು ಅವರೇ ನನಗೆ ಸಮಾಧಾನ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮುಂದಿನ ತಂಡದಿಂದ ಕ್ರಮ ಬದಲಾಯಿಸಿದೆ. ರೋಮ್ ತಲುಪುವ ಮೊದಲು ಬಸ್ಸಿನಲ್ಲೇ ಪ್ರತಿಯೊಬ್ಬರ ಕೈಗೆ ಚಾವಣಿಯ ಚಿತ್ರವಿರುವ ಒಂದು ಹಾಳೆ ಕೊಡುತ್ತೇನೆ. ಎಲ್ಲರೂ ಕೂತಿರುತ್ತಾರೆ, ನೆರಳಿರುತ್ತದೆ, ಕಾಲು ನೋವಿರುವುದಿಲ್ಲ. ಮೊದಲು ದಾರಿ ಹೇಳುತ್ತೇನೆ. ನಾವು ಒಳಗೆ ಹೋಗುವುದು ಬಲಿಪೀಠದ ಹಿಂದಿನ ಗೋಡೆಯಲ್ಲಿರುವ ಬಾಗಿಲಿನಿಂದ. ಹಾಗಾಗಿ ಅದೇ ಗೋಡೆಯ ಮೇಲಿನ 'ಅಂತಿಮ ತೀರ್ಪು' ಎಂಬ ದೊಡ್ಡ ಚಿತ್ರ ನಮ್ಮ ಬೆನ್ನ ಹಿಂದೆ ಉಳಿಯುತ್ತದೆ, ನೆನಪಿಟ್ಟುಕೊಂಡು ತಿರುಗಿ ನೋಡಬೇಕು. ಆಮೇಲೆ ಮುಂದೆ ನಡೆಯುತ್ತಾ ಚಾವಣಿಯ ನಟ್ಟನಡುವಿನ ಚಿತ್ರಗಳನ್ನು ಎಣಿಸಬೇಕು. ಒಟ್ಟು ಒಂಬತ್ತು. ನಾಲ್ಕನೆಯದರಲ್ಲಿ ಬೈಬಲಿನ ಮೊದಲ ಮನುಷ್ಯ ಆದಾಮ ಮತ್ತು ದೇವರ ಬೆರಳುಗಳು ತಾಗಿಯೂ ತಾಗದಂತೆ ನಿಂತಿವೆ.

ಎಣಿಕೆ ತಿಳಿದವರಿಗೆ ಒಂದು ಕಥೆಯನ್ನೂ ಹೇಳುತ್ತೇನೆ. ಈ ಚಿತ್ರಗಳ ಕಲಾವಿದ ಮೈಕೆಲಾಂಜೆಲೊ 1508ರಿಂದ 1512ರವರೆಗೆ ಅಟ್ಟಣಿಗೆಯ ಮೇಲೆ, ಮಲಗಿಯಲ್ಲ, ನಿಂತುಕೊಂಡು ಕತ್ತು ಹಿಂದಕ್ಕೆ ಬಾಗಿಸಿ ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿದ. ಶುರುಮಾಡಿದ್ದು ಬಲಿಪೀಠದ ಎದುರು ತುದಿಯಿಂದ, ನೋಹನ ಕಥೆಯಿಂದ. ಅಲ್ಲಿನ ಜಲಪ್ರಳಯದ ಚಿತ್ರದಲ್ಲಿ ಸಣ್ಣ ಸಣ್ಣ ಜನರು ಕಿಕ್ಕಿರಿದಿದ್ದಾರೆ. ಬಲಿಪೀಠದ ಕಡೆಗೆ ಬಂದಂತೆ ಆಕೃತಿಗಳು ಕಡಿಮೆಯಾಗಿ ದೊಡ್ಡದಾಗುತ್ತವೆ. ಅರ್ಧ ಕೆಲಸವಾದ ಮೇಲೆ ಅಟ್ಟಣಿಗೆ ಬಿಚ್ಚಿದಾಗ ನೆಲದಿಂದ ಅವು ಹೇಗೆ ಕಾಣುತ್ತವೆಂದು ಅವನಿಗೆ ಗೊತ್ತಾಯಿತು ಎನ್ನುತ್ತಾರೆ. ನನಗೆ ಈ ಮಾತು ತುಂಬ ಹಿಡಿಸಿದೆ.

'ಅಂತಿಮ ತೀರ್ಪು' ಅವನು ಮತ್ತೆ ಬಂದು 1536ರಿಂದ 1541ರವರೆಗೆ ಬರೆದದ್ದು. ಅದರಲ್ಲಿ, ಚರ್ಮ ಸುಲಿದು ಕೊಂದರೆಂದು ಹೇಳುವ ಸಂತ ಬಾರ್ತೊಲೊಮಾಯನ ಕೈಯಲ್ಲಿ ಸುಲಿದ ಚರ್ಮ ನೇತಾಡುತ್ತದೆ, ಅದರ ಮುಖ ಮೈಕೆಲಾಂಜೆಲೊನದೇ ಎಂದು ಹೇಳುತ್ತಾರೆ. ಇಷ್ಟೇ. ಬೆರಳು, ಪ್ರಳಯ, ಚರ್ಮ, ಮೂರೇ ಗುರುತು ಕೊಡುತ್ತೇನೆ. ಒಮ್ಮೆ ಒಂಬತ್ತೂ ಚಿತ್ರ ವಿವರಿಸಲು ಹೋಗಿ ಯಾರಿಗೂ ಒಂದೂ ನೆನಪಿನಲ್ಲಿ ಉಳಿಯಲಿಲ್ಲ.

ರೋಮಿನ ಪ್ರಾಚೀನ ದೇಗುಲ ಪ್ಯಾಂಥಿಯನ್‌ನಲ್ಲೂ ಹೀಗೇ ಮಾಡುತ್ತೇವೆ. ಗೈಡ್ ಜೊತೆ ಮೊದಲೇ ಮಾತಾಡಿ, ಹೊರಗಿನ ಚೌಕದ ಕಾರಂಜಿಯ ಬಳಿಯೇ ಎಲ್ಲ ಮುಗಿಸುತ್ತೇವೆ. ಗುಮ್ಮಟದ ಅಗಲ 43 ಮೀಟರ್ ಚಿಲ್ಲರೆ, ನೆಲದಿಂದ ಎತ್ತರವೂ ಅಷ್ಟೇ, ಹಾಗಾಗಿ ಒಳಗೊಂದು ದೊಡ್ಡ ಚೆಂಡು ಸರಿಯಾಗಿ ಕೂರುತ್ತದೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ನೆತ್ತಿಯಲ್ಲಿ ಸುಮಾರು 9 ಮೀಟರಿನ ತೆರೆದ ಕಂಡಿ. ಒಳಗೆ ಹೋದ ಮೇಲೆ ಸುಮ್ಮನೆ ಬಿಟ್ಟುಬಿಡುತ್ತೇವೆ. ಒಂದು ದಿನ ಮಳೆ ಬಂತು. ನೀರು ಕಂಡಿಯಿಂದ ನೇರ ನೆಲಕ್ಕೆ ಬೀಳುತ್ತಿತ್ತು. ತಂಡದ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು ಅಮೃತಶಿಲೆಯ ನೆಲದಲ್ಲಿರುವ ಸಣ್ಣ ತೂತುಗಳನ್ನು ತಾನಾಗಿಯೇ ಕಂಡುಹಿಡಿದ. ಅಪ್ಪನ ಶರ್ಟು ಜಗ್ಗಿ, ನೀರು ಹರಿದುಹೋಗುವ ದಾರಿ ತೋರಿಸಿದ. ನಾನು ಹೇಳಿದ್ದರೆ ಅವನಿಗೆ ಅಷ್ಟು ಖುಷಿಯಾಗುತ್ತಿರಲಿಲ್ಲ.

ಒಂದು ಸಮಸ್ಯೆ ಹಾಗೇ ಉಳಿದಿತ್ತು. ವಯಸ್ಸಾದವರಿಗೆ ಕತ್ತು ಎತ್ತಿ ನಿಲ್ಲಲು ಆಗುವುದಿಲ್ಲ. ಸಿಸ್ಟೀನ್‌ನ ಪಕ್ಕದ ಗೋಡೆಗುಂಟ ಕೂರಲು ಬೆಂಚುಗಳಿವೆ, ಜಾಗ ಸಿಕ್ಕರೆ ಮೊದಲು ಅವರನ್ನು ಕೂರಿಸುತ್ತೇನೆ. ಈಚಿನ ತಂಡದಲ್ಲಿ ಕತ್ತಿಗೆ ಪಟ್ಟಿ ಹಾಕಿಕೊಂಡ ಅಮ್ಮ ಒಬ್ಬರಿದ್ದರು. ಬೆಂಚಿನಲ್ಲಿ ಕೂತವರೇ ಕೈಚೀಲದಿಂದ ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಚಾವಣಿಯನ್ನು ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ನೋಡತೊಡಗಿದರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು.

ಹೊರಗೆ ಬಂದವರು ನಾನು ಕೊಟ್ಟಿದ್ದ ಹಾಳೆ ಬಿಚ್ಚಿ ಕೇಳಿದರು: 'ಕನ್ನಡಿಯಲ್ಲಿ ಆದಾಮ ಬಲಗಡೆ ಇದ್ದ, ಇದರಲ್ಲಿ ಎಡಗಡೆ ಇದಾನೆ. ಇದೇ ಸರಿ ಅಲ್ವೇನಪ್ಪ?'

'ಹೌದಮ್ಮ, ಇದೇ ಸರಿ' ಎಂದೆ. ಮುಂದಿನ ತಂಡಕ್ಕೆ ಅಂಥ ನಾಲ್ಕು ಕನ್ನಡಿ ತೆಗೆದಿಟ್ಟುಕೊಂಡಿದ್ದೇನೆ.