ಇಷ್ಟು ವರ್ಷ ಸರಿಯಾಗಿ ನಡೆದ ಸಾಫ್ಟ್‌ವೇರ್‌ ಅನ್ನು ಈಗೇಕೆ ಮುಟ್ಟಬೇಕು?

ಶಿವಮೊಗ್ಗದ ಅಡಿಕೆ ಮಂಡಿಗಳು, ಸುತ್ತಲಿನ ತಾಲ್ಲೂಕುಗಳ ಸಹಕಾರ ಸಂಘಗಳು ಮತ್ತು ಒಂದೆರಡು ಫೌಂಡ್ರಿಗಳ ಲೆಕ್ಕಪತ್ರದ ಸಾಫ್ಟ್‌ವೇರ್‌ ನೋಡಿಕೊಳ್ಳುವುದು ನನ್ನ ಉದ್ಯೋಗ. ಈ ಉದ್ಯೋಗದಲ್ಲಿರುವವರಿಗೆ ಎಲ್ಲಿ ಹೋದರೂ ಎದುರಾಗುವ ಪ್ರಶ್ನೆ ಒಂದೇ: "ಹದಿನೈದು ವರ್ಷದಿಂದ ಒಂದು ತೊಂದ್ರೆ ಕೊಟ್ಟಿಲ್ಲ ಮಾರಾಯ್ರೆ, ಈಗ ಯಾಕೆ ಅದನ್ನ ಮುಟ್ಬೇಕು?" ಪ್ರಶ್ನೆ ನ್ಯಾಯವಾದದ್ದೇ. ತಕ್ಕಡಿ ಸವೆಯುತ್ತದೆ, ಪ್ರಿಂಟರಿನ ರಿಬ್ಬನ್ನು ಮಾಸುತ್ತದೆ. ಪ್ರೋಗ್ರಾಂ ಸವೆಯುವ ವಸ್ತುವಲ್ಲ. ಅಂದು ಬರೆದ ಸಾಲು ಇಂದಿಗೂ ಅಕ್ಷರ ಬದಲಾಗದೆ ಹಾಗೆಯೇ ಇದೆ. ಹೀಗಿರುವಾಗ "ಹಳೆಯದಾಯಿತು, ಬದಲಾಯಿಸಿ" ಎನ್ನುವವರನ್ನು ವ್ಯಾಪಾರಸ್ಥರು ಅನುಮಾನದಿಂದ ನೋಡಿದರೆ ತಪ್ಪೇನಿಲ್ಲ.

ಪ್ರೋಗ್ರಾಂ ಬದಲಾಗಿಲ್ಲವೆಂಬುದು ನಿಜ. ಆದರೆ ಅದು ಎಂದೂ ಒಂಟಿಯಾಗಿ ನಡೆದದ್ದಲ್ಲ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಹಂಚು ಗಟ್ಟಿಯಾಗಿಯೇ ಇದ್ದರೂ ಕೆಳಗಿನ ರೀಪು ಕುಂಬಾದರೆ ಮಾಡು ಸೋರತೊಡಗುವಂತೆ, ಪ್ರೋಗ್ರಾಂ ಕೈಕೊಡುವುದು ಸಾಮಾನ್ಯವಾಗಿ ಅದರ ಅಡಿಯಲ್ಲಿರುವ ಆಸರೆಗಳು ಒಂದೊಂದಾಗಿ ನಿವೃತ್ತಿಯಾದಾಗ.

ಮಂಡಿಯೊಂದರಲ್ಲಿ ಕಾಣಸಿಗುವ ಹಳೆಯ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ಬರೆದದ್ದು ವಿಷುಯಲ್ ಬೇಸಿಕ್ 6 ಎಂಬ ಪ್ರೋಗ್ರಾಂ ಭಾಷೆಯಲ್ಲಿ. ಲೆಕ್ಕ ಕೂತಿರುವುದು ಎಸ್‌ಕ್ಯೂಎಲ್ ಸರ್ವರ್ 2008 ಎಂಬ ಡೇಟಾಬೇಸಿನಲ್ಲಿ. ಎಲ್ಲಕ್ಕೂ ಕೆಳಗೆ ವಿಂಡೋಸ್ 7. ತೂಕ ಬರುವುದು ಸೀರಿಯಲ್ ಕೇಬಲ್ಲಿನಲ್ಲಿ, ಪಟ್ಟಿ ಹೊರಬೀಳುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ, ಬೆಳೆಗಾರರ ಹೆಸರು ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟಿನಲ್ಲಿ. ಇವುಗಳಲ್ಲಿ ವಿಷುಯಲ್ ಬೇಸಿಕ್ 6ರ ಅಭಿವೃದ್ಧಿ ಸಾಧನಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರ ಏಪ್ರಿಲ್‌ನಲ್ಲಿ, ಎಸ್‌ಕ್ಯೂಎಲ್ ಸರ್ವರ್ 2008ಕ್ಕೆ 2019ರ ಜುಲೈ 9ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ಅದರ ನಂತರ ಬಂದ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಚಿತ್ರವೆಂದರೆ, ಇವುಗಳಲ್ಲಿ ಎಲ್ಲಕ್ಕಿಂತ ಮೊದಲು ನಿವೃತ್ತಿಯಾದ ವಿಷುಯಲ್ ಬೇಸಿಕ್ 6ರ ಪ್ರೋಗ್ರಾಂಗಳೇ ಇಂದಿಗೂ ಹೆಚ್ಚು ಸುರಕ್ಷಿತ, ಏಕೆಂದರೆ ಅವು ಓಡಲು ಬೇಕಾದ ಮೂಲ ಕಡತಗಳನ್ನು ವಿಂಡೋಸ್ 11ರಲ್ಲಿಯೂ ಕೊಡಲಾಗಿದೆ. ಆದ್ದರಿಂದ ವಯಸ್ಸು ನೋಡಿ ಅಪಾಯ ಅಳೆಯುವುದು ಸರಿಯಲ್ಲ; ಯಾವ ಭಾಗಕ್ಕೆ ಯಾರ ಬೆಂಬಲ ಎಲ್ಲಿಯವರೆಗೆ ಇದೆ ಎಂಬುದನ್ನೇ ನೋಡಬೇಕು.

ನಿವೃತ್ತಿ ಎಂದರೆ ಎಲ್ಲೆಡೆಯೂ ಒಂದೇ ಬಗೆಯಲ್ಲ. ವಿಂಡೋಸ್‌ನಂಥವುಗಳ ವಿಷಯದಲ್ಲಿ ಆ ದಿನಾಂಕದಂದು ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ಭದ್ರತಾ ತಿದ್ದುಪಡಿಗಳು ಬರುವುದು ನಿಲ್ಲುತ್ತದೆ, ಅಷ್ಟೆ. ಮರುದಿನವೂ ಬಿಲ್ಲು ಹೊರಬೀಳುವುದರಿಂದ "ಏನೂ ಆಗಲಿಲ್ಲವಲ್ಲ" ಎಂಬ ಧೈರ್ಯ ಬರುತ್ತದೆ. ಬ್ರೌಸರಿನಲ್ಲಿ ಚಲಿಸುವ ಚಿತ್ರ, ಆಟಗಳನ್ನು ತೋರಿಸುತ್ತಿದ್ದ ಫ್ಲ್ಯಾಷ್‌ನ ಕಥೆ ಹಾಗಲ್ಲ: 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಮುಗಿದು, 2021ರ ಜನವರಿ 12ರಿಂದ ಫ್ಲ್ಯಾಷ್ ಪ್ಲೇಯರ್ ತಾನಾಗಿಯೇ ಓಡಲು ನಿರಾಕರಿಸಿತು. ನಮ್ಮಲ್ಲಿ ಏನೂ ಬದಲಾಗದಿದ್ದರೂ ಎದುರಿನವರು ನಮ್ಮನ್ನು ಒಪ್ಪದೆ ಹೋಗುವ ಇನ್ನೊಂದು ಬಗೆಯೂ ಇದೆ. ಅದು ಎಲ್ಲಕ್ಕಿಂತ ಕಿರಿಕಿರಿಯದು. ಅದಕ್ಕೆ ಮುಂದೆ ಬರುತ್ತೇನೆ.

ಮಲೆನಾಡಿನಲ್ಲಿ ನಿವೃತ್ತಿಯ ದಿನವನ್ನು ಕಂಪನಿಗಳಿಗಿಂತ ಹೆಚ್ಚಾಗಿ ಸಿಡಿಲು ನಿರ್ಧರಿಸುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮದರ್‌ಬೋರ್ಡ್ ಸುಟ್ಟರೆ ಅದೇ ಸಂಜೆ ಪೇಟೆಯಿಂದ ಹೊಸ ಕಂಪ್ಯೂಟರ್ ಬರುತ್ತದೆ, ಅದರಲ್ಲಿ ವಿಂಡೋಸ್ 11 ಇರುತ್ತದೆ. ಡಾಸ್ ಎಂಬ ಹಳೆಯ ವ್ಯವಸ್ಥೆಯ ಕಾಲದ ಪ್ರೋಗ್ರಾಂಗೆ ಬೇಕಾದ 32-ಬಿಟ್ ಆವೃತ್ತಿಯೇ ವಿಂಡೋಸ್ 11ಕ್ಕೆ ಇಲ್ಲವಾದ್ದರಿಂದ ಅಂಥ ಪ್ರೋಗ್ರಾಂ ಅದರಲ್ಲಿ ನೇರವಾಗಿ ಓಡುವುದೇ ಇಲ್ಲ. ಹಿಂಬದಿಯಲ್ಲಿ ಸಾಮಾನ್ಯವಾಗಿ ಸೀರಿಯಲ್ ಪೋರ್ಟೂ ಇರುವುದಿಲ್ಲ, ಪ್ರಿಂಟರಿನ ಅಗಲವಾದ ಪ್ಯಾರಲಲ್ ಪೋರ್ಟೂ ಇರುವುದಿಲ್ಲ. ಹತ್ತು ವರ್ಷಗಳಲ್ಲಿ ನಿಧಾನವಾಗಿ ಮಾಡಬಹುದಾಗಿದ್ದ ಬದಲಾವಣೆಯಷ್ಟನ್ನೂ ಒಂದೇ ರಾತ್ರಿಯಲ್ಲಿ, ಹೊರಗೆ ಲಾರಿ ಕಾಯುತ್ತಿರುವಾಗ ಮಾಡಬೇಕಾಗುತ್ತದೆ. ಮುಟ್ಟದೆ ಬಿಡುವುದೆಂದರೆ ಬದಲಾವಣೆಯನ್ನು ತಪ್ಪಿಸಿದಂತಲ್ಲ, ಅದರ ದಿನಾಂಕವನ್ನು ಸಿಡಿಲಿನ ಕೈಗೆ ಕೊಟ್ಟಂತೆ.

ತೂಕದ ಕೇಬಲ್ಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಫೋನ್ ಕರೆಗಳು ಬರುವುದು ಅದಕ್ಕೇ. ಚೀಲವನ್ನು ತಕ್ಕಡಿಯ ಮೇಲಿಟ್ಟಾಗ ಯಂತ್ರವು ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲಿನ ಮೂಲಕ ತೂಕವನ್ನು ಒಂದು ಸಾಲು ಅಕ್ಷರಗಳಾಗಿ ಕಳುಹಿಸುತ್ತದೆ; ಪ್ರೋಗ್ರಾಂ ಅದನ್ನು ಓದಿ ಲಾಟಿನ ಎದುರು ಬರೆದುಕೊಳ್ಳುತ್ತದೆ. ಹೊಸ ಕಂಪ್ಯೂಟರಿಗೆ ಸೀರಿಯಲ್ ಪೋರ್ಟ್ ಇಲ್ಲದಿರುವುದರಿಂದ ಯುಎಸ್‌ಬಿ ಪರಿವರ್ತಕ ಹಾಕುತ್ತೇವೆ. ಗುಡಿಸುವಾಗ ಯಾರೋ ಕೇಬಲ್ ಕಿತ್ತು ಪಕ್ಕದ ಯುಎಸ್‌ಬಿ ತೂತಿಗೆ ಸಿಕ್ಕಿಸಿದರೆ, ಎಷ್ಟೋ ಪರಿವರ್ತಕಗಳ ವಿಷಯದಲ್ಲಿ ವಿಂಡೋಸ್ ಅದನ್ನು ಹೊಸ ಸಾಧನವೆಂದು ಭಾವಿಸಿ ಬೇರೆ ಕಾಮ್ ಸಂಖ್ಯೆ (ಪೋರ್ಟಿನ ಗುರುತು ಸಂಖ್ಯೆ) ಕೊಡುತ್ತದೆ. ಹೀಗೆ ಸಂಖ್ಯೆ ಏರುತ್ತಾ ಹೋಗಿ 16 ದಾಟಿದರೆ ಕಥೆ ಮುಗಿಯಿತು: ವಿಷುಯಲ್ ಬೇಸಿಕ್ 6ರ ಸಂವಹನ ಘಟಕ 16ಕ್ಕಿಂತ ಹೆಚ್ಚಿನ ಸಂಖ್ಯೆಯ ಪೋರ್ಟನ್ನು ತೆರೆಯುವುದಿಲ್ಲ. ತಕ್ಕಡಿ ಸರಿಯಿದೆ, ಕೇಬಲ್ ಸರಿಯಿದೆ, ಪ್ರೋಗ್ರಾಂ ಸರಿಯಿದೆ, ಆದರೂ ತೂಕ ಬರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಸಂಖ್ಯೆಯನ್ನು ಕೈಯಾರೆ ಇಳಿಸಿ, ಆ ತೂತಿಗೆ ಬಣ್ಣದ ಟೇಪು ಅಂಟಿಸಿ ಬರುವುದು ಸದ್ಯದ ಪರಿಹಾರ. ತೂಕ ಓದುವ ಕೆಲಸವನ್ನಷ್ಟೇ ಹೊಸ ಭಾಷೆಯ ಸಣ್ಣ ಪ್ರೋಗ್ರಾಂಗೆ ಒಪ್ಪಿಸುವುದು ಬಾಳಿಕೆಯ ಪರಿಹಾರ.

ಸಹಕಾರ ಸಂಘಗಳಲ್ಲಿ ಕಷ್ಟ ಬೇರೆಯದು. ಅಲ್ಲಿ ಹಳತಾಗಿರುವುದು ಹೆಸರುಗಳೇ. ನುಡಿಯ ಹಳೆಯ ಆವೃತ್ತಿಗಳಲ್ಲಿ ಬರೆದ ಕನ್ನಡವನ್ನು ಕಂಪ್ಯೂಟರ್ ಕನ್ನಡವೆಂದು ಅರಿಯುತ್ತಿರಲಿಲ್ಲ; ಇಂಗ್ಲಿಷ್ ಮತ್ತಿತರ ಐರೋಪ್ಯ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಫಾಂಟ್ ತೊಡಿಸುತ್ತಿತ್ತು. ಸದಸ್ಯರ ಪಟ್ಟಿಯನ್ನು, ಕಂಪ್ಯೂಟರ್ ಕನ್ನಡವೆಂದೇ ಅರಿಯುವ ಯೂನಿಕೋಡ್‌ಗೆ ತರುವಾಗ ಒಂದು ಸಂಕೇತಕ್ಕೆ ಇನ್ನೊಂದನ್ನು ಬದಲಿಸಿದರೆ ಸಾಲದು. ನುಡಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತವೆ, ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮದಲ್ಲಿ. ತೀರ್ಥಹಳ್ಳಿ ಎಂಬಲ್ಲಿ ಅರ್ಕಾವೊತ್ತು ನುಡಿಯಲ್ಲಿ ಥಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರೇಫ ಮೊದಲು, ಥಕಾರ ಆಮೇಲೆ. ಈ ಸ್ಥಳಾಂತರವನ್ನು ಮಾಡದ ಪರಿವರ್ತನೆಯ ಪ್ರೋಗ್ರಾಂಗಳಲ್ಲಿ ಮೂರ್ತಿಗಳೂ ಶರ್ಮರೂ ಗುರುತು ಸಿಗದಂತಾಗುತ್ತಾರೆ. ಅದು ಸರಿಯಾದ ಮೇಲೂ ಡೇಟಾಬೇಸಿನ ಅಂಕಣ ಯೂನಿಕೋಡ್ ಹಿಡಿಯದ ಹಳೆಯ ವಾರ್ಚಾರ್ ಬಗೆಯದ್ದೇ ಆಗಿದ್ದರೆ ಹೆಸರಿದ್ದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಅಂಕಣವನ್ನೂ ಎನ್‌ವಾರ್ಚಾರ್‌ಗೆ ಬದಲಾಯಿಸಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಂಥ ಯೋಜನೆಗಳಲ್ಲಿ ಹೊಸ ಸಾಫ್ಟ್‌ವೇರಿಗಿಂತ ಹಳೆಯ ದತ್ತಾಂಶವನ್ನು ಶುದ್ಧವಾಗಿ ಸಾಗಿಸುವುದೇ ಹೆಚ್ಚು ಶ್ರಮದ ಕೆಲಸವೆಂದು ನನ್ನ ಅಭಿಪ್ರಾಯ.

ಇನ್ನು ಎದುರಿನವರು ನಮ್ಮನ್ನು ಒಪ್ಪದಿರುವ ವಿಷಯ. ಅಂತರಜಾಲದಲ್ಲಿ ಗುಪ್ತವಾಗಿ ಮಾತಾಡುವ ಟಿಎಲ್‌ಎಸ್ ಎಂಬ ವಿಧಾನದ 1.0 ಮತ್ತು 1.1ನೇ ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ವಿಧ್ಯುಕ್ತವಾಗಿ ಕೈಬಿಡಲಾಯಿತು. ವಿಂಡೋಸ್ 7ರಲ್ಲಿನ ಹಳೆಯ ಘಟಕಗಳು ತಾವಾಗಿ ಮಾತಾಡುವುದು ಆ ಹಳೆಯ ಆವೃತ್ತಿಗಳಲ್ಲಿಯೇ; ಅವನ್ನು ಕೈಬಿಟ್ಟ ಸರ್ವರು ಅಂಥ ಮಾತನ್ನು ಒಪ್ಪುವುದಿಲ್ಲ. ಇದೇ ಅವಧಿಯಲ್ಲಿ ತೆರಿಗೆಯ ವ್ಯವಸ್ಥೆ ಬಿಲ್ಲುಗಳನ್ನು ಆನ್‌ಲೈನ್‌ಗೆ ಎಳೆಯಿತು. ಬಿಲ್ಲನ್ನು ಸರ್ಕಾರದ ವ್ಯವಸ್ಥೆಯಲ್ಲಿ ದಾಖಲಿಸಿ ಸಂಖ್ಯೆ ಪಡೆಯುವ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೀರಿದ ವಾರ್ಷಿಕ ವಹಿವಾಟಿಗೆ ಮಾತ್ರ ಇತ್ತು. 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಬಂತು. ಅಡಿಕೆ ಕ್ವಿಂಟಾಲಿಗೆ 50 ಸಾವಿರದ ಆಸುಪಾಸಿನಲ್ಲಿದ್ದರೆ ಸಾವಿರ ಕ್ವಿಂಟಾಲಿಗೇ 5 ಕೋಟಿ ಆಗುತ್ತದೆ. ಮಧ್ಯಮ ಗಾತ್ರದ ಮಂಡಿಯೂ ಇದರೊಳಗೆ ಬಂದುಬಿಡುತ್ತದೆ. ಅದರ ಮೇಲೆ, ಬಿಲ್ಲಿನಲ್ಲಿ ಕ್ಯೂಆರ್ ಕೋಡ್ ಮುದ್ರಿಸಬೇಕು. ಬರೀ ಅಕ್ಷರಗಳನ್ನು ಡಾಟ್ ಮ್ಯಾಟ್ರಿಕ್ಸಿಗೆ ಕಳುಹಿಸುವುದಷ್ಟೇ ಗೊತ್ತಿರುವ ಪ್ರೋಗ್ರಾಂಗೆ ಅದು ಆಗದ ಮಾತು.

ಇದಕ್ಕಾಗಿ ಇಡೀ ಪ್ರೋಗ್ರಾಂ ಹೊಸದಾಗಿ ಬರೆಯಬೇಕೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೆಯ ಪ್ರೋಗ್ರಾಂ ಬಿಲ್ಲಿನ ವಿವರವನ್ನು ಒಂದು ಫೋಲ್ಡರಿನಲ್ಲಿ ಕಡತವಾಗಿ ಬರೆದಿಟ್ಟರೆ ಸಾಕು. ಬೆಂಬಲವಿರುವ ವಿಂಡೋಸ್‌ನಲ್ಲಿ ಕೂತ ಸಣ್ಣ ಸೇತುವೆ-ಪ್ರೋಗ್ರಾಂ ಅದನ್ನು ಎತ್ತಿಕೊಂಡು ಇ-ಇನ್‌ವಾಯ್ಸಿನ ಸರ್ವರಿಗೆ ಕಳುಹಿಸಿ, ಬಂದ ಸಂಖ್ಯೆಯನ್ನೂ ಕ್ಯೂಆರ್ ಕೋಡನ್ನೂ ಅದೇ ಫೋಲ್ಡರಿಗೆ ಹಿಂತಿರುಗಿಸುತ್ತದೆ. ಬಿಲ್ಲನ್ನು ಲೇಸರ್ ಪ್ರಿಂಟರಿಗೆ ಕಳುಹಿಸುವ ಕೆಲಸವನ್ನೂ ಅದಕ್ಕೇ ಒಪ್ಪಿಸಬಹುದು. ಹೊರಜಗತ್ತು ಬದಲಾದಾಗಲೆಲ್ಲ ಸೇತುವೆಯನ್ನಷ್ಟೇ ಬದಲಾಯಿಸಿದರಾಯಿತು. ಚೀಲದ ತೂಕ ಎಷ್ಟು ಕಳೆಯಬೇಕು, ಅಡಿಕೆಯ ಬಗೆಗಳಾದ ರಾಶಿಗೂ ಬೆಟ್ಟೆಗೂ ಗೊರಬಲಿಗೂ ಖರ್ಚು ಹೇಗೆ ಹಾಕಬೇಕು, ಬೆಳೆಗಾರ ಪಡೆದ ಮುಂಗಡಕ್ಕೆ ಬಡ್ಡಿ ಯಾವ ದಿನದಿಂದ ಎಂಬ ನಿಯಮಗಳು ಯಾವ ಕಾಗದದಲ್ಲಿಯೂ ಇಲ್ಲ, ಆ ಹಳೆಯ ಸಾಲುಗಳಲ್ಲಿ ಮಾತ್ರ ಇವೆ. ಹೊಸದಾಗಿ ಬರೆಯುವಾಗ ಮೊದಲು ಕಳೆದುಹೋಗುವುದು ಅವೇ. ಕ್ಲೌಡ್‌ಗೆ (ಅಂತರಜಾಲದಲ್ಲಿರುವ ಬೇರೆಯವರ ಸರ್ವರಿಗೆ) ಹೋದರೆ ಈ ತಾಪತ್ರಯವಿಲ್ಲ ಎಂಬ ಮಾರಾಟದ ಮಾತನ್ನೂ ಪೂರ್ತಿ ನಂಬಬೇಡಿ. ಅಲ್ಲಿ ವೆಬ್ ಪುಟ ಕಟ್ಟಲು ಬಳಸುತ್ತಿದ್ದ ಆಂಗ್ಯುಲರ್‌ಜೆಎಸ್‌ಗೆ 2021ರ ಕೊನೆಗೆ ಬೆಂಬಲ ಮುಗಿಯಿತು. ಪ್ರೋಗ್ರಾಂ ಬರೆಯುವ ಮೈಕ್ರೋಸಾಫ್ಟಿನ ವೇದಿಕೆಯಾದ ಡಾಟ್‌ನೆಟ್‌ನ ದೀರ್ಘಾವಧಿಯ ಆವೃತ್ತಿಗೂ ಆಯುಷ್ಯ ಮೂರೇ ವರ್ಷ. ರೀಪು ಬದಲಿಸುವ ಕೆಲಸ ಅಲ್ಲಿ ಬೇರೆಯವರ ಪಾಲಿಗೆ ಬರುತ್ತದೆ, ಹಣ ವರ್ಷವರ್ಷವೂ ನೀವು ಕೊಡುತ್ತೀರಿ. ಹಲವರಿಗೆ ಅದು ಲಾಭದಾಯಕವೇ.

ಮಾಚೇನಹಳ್ಳಿಯ ಕಡೆಯ ಕಾರ್ಖಾನೆಗಳಂಥ ದೊಡ್ಡ ಸಂಸ್ಥೆಗಳಿಗೂ ಇದೇ ಲೆಕ್ಕ, ಮೊತ್ತ ಮಾತ್ರ ದೊಡ್ಡದು. ದೊಡ್ಡ ಸಂಸ್ಥೆಗಳ ಲೆಕ್ಕಪತ್ರ, ದಾಸ್ತಾನು ನೋಡಿಕೊಳ್ಳುವ ಎಸ್‌ಎಪಿ ಇಸಿಸಿ 6ರ ಇತ್ತೀಚಿನ ಆವೃತ್ತಿಗಳಿಗೆ ಸಾಮಾನ್ಯ ಬೆಂಬಲ 2027ರ ಕೊನೆಯವರೆಗೆ ಇದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ 2022ರ ಜೂನ್ 15ಕ್ಕೆ ನಿವೃತ್ತಿಯಾದರೂ ಎಡ್ಜ್ ಬ್ರೌಸರಿನೊಳಗೆ ಅದರ ಹಳೆಯ ಪುಟಗಳನ್ನು ತೆರೆಯುವ ಐಇ ಮೋಡ್ ಕನಿಷ್ಠ 2029ರವರೆಗೆ ಇರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ. ಇಂಥ ಅವಧಿಗಳನ್ನು ನಾನು ಸಾಲದ ಕಂತಿನಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇನೆ.

ಹಳೆಯ ಕಂಪ್ಯೂಟರನ್ನು ಹಾಗೆಯೇ ವರ್ಚುವಲ್ ಯಂತ್ರವಾಗಿ ಹೊಸದರೊಳಗೆ ಇಟ್ಟುಕೊಳ್ಳಬಹುದೇ ಎಂದೂ ಕೇಳುತ್ತಾರೆ. ಹಳೆಯ ವರ್ಷಗಳ ಲೆಕ್ಕ ನೋಡಲು ಖಂಡಿತ ಇಟ್ಟುಕೊಳ್ಳಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಉಳಿಸಿಕೊಳ್ಳಬೇಕಾದ್ದರಿಂದ ಅದು ಬೇಕಾಗಿಯೂ ಬರುತ್ತದೆ. ಆದರೆ ಅದಕ್ಕೆ ಅಂತರಜಾಲದ ಸಂಪರ್ಕ ಕೊಡಬೇಡಿ, ದಿನದ ವಹಿವಾಟನ್ನೂ ಅದರಲ್ಲಿ ಮುಂದುವರಿಸಬೇಡಿ.

ಕೆಲಸಕ್ಕೆ ಕೈಹಾಕುವ ಮೊದಲು ಪ್ರೋಗ್ರಾಂ ಬರೆದವರಿಂದ ಅದರ ಮೂಲ ಬರಹವಾದ ಸೋರ್ಸ್ ಕೋಡನ್ನೂ ಡೇಟಾಬೇಸಿನ ಪಾಸ್‌ವರ್ಡನ್ನೂ ಲಿಖಿತವಾಗಿ ಪಡೆದುಕೊಳ್ಳಿ. ಅವರು ಊರು ಬಿಟ್ಟ ಮೇಲೆ ಕೇಳಿದರೆ ಸಿಗುವುದಿಲ್ಲ. ಮಂಡಿಯವರಿಗೆ ಸೂಕ್ತ ಸಮಯ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ. ಆಗ ಆವಕ ಕಡಿಮೆ ಇರುತ್ತದೆ, ಹೊಸ ಕೊಯ್ಲಿನ ಅಡಿಕೆ ಬರಲು ಇನ್ನೂ ಕಾಲವಿರುತ್ತದೆ. ಆ ಅವಧಿಯಲ್ಲಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸಿ, ಪ್ರತಿ ಸಂಜೆ ಎರಡರ ನಗದು ಶಿಲ್ಕನ್ನೂ ಒಟ್ಟು ತೂಕವನ್ನೂ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಲಿ. ವ್ಯತ್ಯಾಸ ಸಾಮಾನ್ಯವಾಗಿ ಪೈಸೆಗಳಲ್ಲಿ ಬರುತ್ತದೆ, ಮತ್ತು ಅದು ಬಹುಪಾಲು ಚೀಲದ ತೂಕ ಕಳೆದ ಮೇಲೆ ದಶಾಂಶವನ್ನು ಪೂರ್ಣಗೊಳಿಸುವ ರೀತಿಯಿಂದ ಬಂದದ್ದಾಗಿರುತ್ತದೆ.