ಬಡತನ ಉಳಿಸಿಕೊಟ್ಟ ಸಭಾಭವನ

ಸಡ್‌ಬರಿಯಲ್ಲಿ ರೈಲಿನಿಂದಿಳಿದು ಬಸ್ಸಿನಲ್ಲಿ ಲ್ಯಾವೆನ್‌ಹ್ಯಾಮ್ ತಲುಪಿದಾಗ ಮಳೆ ಆಗಷ್ಟೇ ನಿಂತಿತ್ತು. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಈ ಹಳ್ಳಿಗೆ ನಾನು ಬಂದದ್ದು ಸಂತೆಚೌಕದ ಗಿಲ್ಡ್‌ಹಾಲ್ ಎಂಬ ಮರದ ಸಭಾಭವನಕ್ಕಾಗಿ. ಮೇಲಂತಸ್ತು ಬೀದಿಯತ್ತ ಮುಂಚಾಚಿದೆ; ಬೂದುಬಣ್ಣಕ್ಕೆ ತಿರುಗಿದ ಓಕ್ ಕಂಬಗಳಲ್ಲಿ ನೆಟ್ಟಗಿರುವುದನ್ನು ಹುಡುಕಬೇಕು.

1530ರ ಸುಮಾರಿಗೆ ಇದನ್ನು ಕಟ್ಟಿಸಿದ್ದು ಕಾರ್ಪಸ್ ಕ್ರಿಸ್ಟಿ ಎಂಬ ಧಾರ್ಮಿಕ ಸಂಘ. ಊರಿನ ಸಿರಿವಂತ ಬಟ್ಟೆ ವ್ಯಾಪಾರಿಗಳು ಅದರ ಸದಸ್ಯರು. ಇಲ್ಲಿನ ನೀಲಿ ಉಣ್ಣೆಬಟ್ಟೆ ತಂದ ಹಣ ಎಷ್ಟಿತ್ತೆಂದರೆ, 1524ರ ತೆರಿಗೆಯ ಲೆಕ್ಕದಲ್ಲಿ ಲ್ಯಾವೆನ್‌ಹ್ಯಾಮ್ ಇಂಗ್ಲೆಂಡಿನ ಹದಿನಾಲ್ಕನೆಯ ಶ್ರೀಮಂತ ಪಟ್ಟಣವಾಗಿತ್ತು. ಆದರೆ 1547ರಲ್ಲಿ ಆರನೆಯ ಎಡ್ವರ್ಡನ ಆಳ್ವಿಕೆ ಇಂಥ ಸಂಘಗಳನ್ನು ರದ್ದುಪಡಿಸಿತು. ಕೋಲ್ಚೆಸ್ಟರಿನಲ್ಲಿ ನೆಲೆಸಿದ ಡಚ್ ನೇಕಾರರ ಹಗುರವಾದ, ಅಗ್ಗದ ಬಟ್ಟೆಯ ಮುಂದೆ ಊರಿನ ವ್ಯಾಪಾರವೂ ಕುಸಿಯಿತು. ಹೊಸದನ್ನು ಕಟ್ಟಲು ಹಣವಿಲ್ಲದ ಜನ ಹಳೆಯದಕ್ಕೇ ತೇಪೆ ಹಾಕಿಕೊಂಡು ಬಾಳಿದ್ದರಿಂದ ಈ ಬೀದಿಗಳು ಉಳಿದವು. ಸಭಾಭವನ ಸೆರೆಮನೆಯಾಯಿತು, ನಿರ್ಗತಿಕರನ್ನಿಟ್ಟು ದುಡಿಸುವ ಮನೆಯಾಯಿತು, ಉಣ್ಣೆಯ ಉಗ್ರಾಣವೂ ಆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಶಿಥಿಲವಾಗಿದ್ದ ಇದನ್ನು ಕ್ವಿಲ್ಟರ್ ಮನೆತನದವರು ಕೊಂಡು ದುರಸ್ತಿ ಮಾಡಿಸಿದರು; 1951ರಲ್ಲಿ ಇದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶಕ್ಕೆ ಬಂತು.

ಒಳಗೆ ನಾನು ಹೆಚ್ಚು ಹೊತ್ತು ನಿಂತದ್ದು ಕೀಲುಗಳ ಬಳಿ. ಓಕ್ ಹಸಿಯಾಗಿರುವಾಗಲೇ ಕೆತ್ತಿ, ಮರದ ಬೆಣೆಗಳಿಂದ ಬಿಗಿದು ಚೌಕಟ್ಟು ನಿಲ್ಲಿಸುವುದು ಆ ಕಾಲದ ಕ್ರಮ. ಒಣಗುತ್ತ ಮರ ತಿರುಚಿಕೊಂಡರೂ ಕೀಲು ಇನ್ನಷ್ಟು ಬಿಗಿಯಾಗುತ್ತದೆ. ಇಂಥ ಕಟ್ಟಡಗಳ ಗೋಡೆಯೆಂದರೆ ಕಂಬಗಳ ನಡುವೆ ತಡಿಕೆ ಹೆಣೆದು ಮೆತ್ತಿದ ಮಣ್ಣು, ಅದರ ಮೇಲೆ ಸುಣ್ಣ. ಅಲ್ಲಿಗೆ ಸಿಮೆಂಟು ತಂದರೆ ಒಳಹೊಕ್ಕ ನೀರು ಹೊರಬರಲಾಗದೆ ಕಂಬ ಒಳಗೊಳಗೇ ಕೊಳೆಯುತ್ತದೆ. ಸುಣ್ಣದ ಗಾರೆಯಾದರೋ ತೇವವನ್ನು ಹೊರಬಿಡುತ್ತದೆ, ಮರ ಅಲುಗಿದರೆ ತಾನೂ ಕೊಂಚ ಬಳುಕುತ್ತದೆ. ಬಿಳಿ ಗೋಡೆಗೆ ಕಡುಗಪ್ಪು ತೊಲೆ ಎಂಬುದು ಬಹುಮಟ್ಟಿಗೆ ವಿಕ್ಟೋರಿಯಾ ಕಾಲದವರ ಅಭಿರುಚಿ. ಇಲ್ಲಿನ ತೊಲೆಗಳಿಗೆ ಆ ಕಪ್ಪು ಬಳಿಯದೆ, ಬಾಗಿದ್ದನ್ನು ನೆಟ್ಟಗಾಗಿಸದೆ ಬಿಟ್ಟದ್ದೇ ಜೀರ್ಣೋದ್ಧಾರದ ಅತ್ಯುತ್ತಮ ಭಾಗವೆಂದು ನನಗೆ ತೋರಿತು.

ಹಿತ್ತಲಲ್ಲಿ ಹಳೆಯ ಬಂದೀಖಾನೆಯ ಕೋಣೆಯಿದೆ, ಪಕ್ಕದ ತೋಟದಲ್ಲಿ ಬಟ್ಟೆಗೆ ಬಣ್ಣ ಕೊಡುವ ಗಿಡಗಳಿವೆ. ಅವುಗಳಲ್ಲಿ ವೋಡ್ ಎಂಬುದರ ಹೂವು ಹಳದಿ, ಎಲೆ ಹಸಿರು. ಕೊಳೆಸಿದ ಆ ಎಲೆಯ ರಸದಲ್ಲಿ ಅದ್ದಿದ ಉಣ್ಣೆ ಗಾಳಿಗೆ ತೆರೆದುಕೊಂಡ ಮೇಲಷ್ಟೇ ನೀಲಿಯಾಗುತ್ತದೆ. ಭವನ ಕಟ್ಟಿಸಿದ ಹಣ ಹುಟ್ಟಿದ್ದು ಆ ನೀಲಿಯಿಂದ.